ಶೆಡ್ಡಿನಲ್ಲಿ ಉಳಿದ ಹಳೆಯ ಔಟ್‌ಬೋರ್ಡ್ ಎಂಜಿನ್: ಪೆಟ್ರೋಲಿಗೆ ಅಡಿಟಿವ್ ಹಾಕಿದರೆ ಸಾಕೇ, ಕಾರ್ಬುರೇಟರ್ ಬಿಚ್ಚಲೇಬೇಕೇ?

ಶಿಂಷಾತೀರ (ಕುಣಿಗಲ್)

ಎಲ್ಲರಿಗೂ ನಮಸ್ಕಾರ. ಮಾರ್ಕೋನಹಳ್ಳಿ ಜಲಾಶಯದ ಹಿನ್ನೀರಿನಲ್ಲಿ ಮೀನು ಹಿಡಿಯುವ ನಮ್ಮ ಗುಂಪಿನವರು ಹೆಚ್ಚಾಗಿ ಹರಿಗೋಲಿನಲ್ಲೇ ಬಲೆ ಬಿಡುವವರು. ಆದರೆ ಬಿತ್ತನೆ ಮರಿಗಳನ್ನು ನಡುನೀರಿಗೆ ಒಯ್ದು ಬಿಡುವುದಕ್ಕೂ, ಗಾಳಿ ಎದ್ದಾಗ ದೂರದಲ್ಲಿ ಸಿಕ್ಕಿಕೊಂಡ ಹರಿಗೋಲುಗಳನ್ನು ದಡಕ್ಕೆ ಎಳೆದು ತರುವುದಕ್ಕೂ ಒಂದು ಫೈಬರ್ ದೋಣಿ ಇಟ್ಟುಕೊಂಡಿದ್ದೇವೆ. ಅದಕ್ಕಾಗಿ ಮಲ್ಪೆ ಕಡೆಯಿಂದ ಹಳೆಯದನ್ನೇ ಕೊಂಡು ತಂದ ಎರಡು ಸಿಲಿಂಡರಿನ, 8 ಎಚ್.ಪಿ. ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಬಿಗಿಯುವ ಎಂಜಿನ್) ಕೊರೊನಾ ಕಾಲದಿಂದ ಶೆಡ್ಡಿನ ಮೂಲೆಯಲ್ಲಿಯೇ ಉಳಿದಿದೆ. ಅಂದು ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನು ಯಾರೂ ಖಾಲಿ ಮಾಡಿರಲಿಲ್ಲ.

ಈಗ ಹೊಸ ಪ್ಲಗ್ ಹಾಕಿ, ಹಗ್ಗ ಎಳೆದು ನೋಡಿದ್ದೇವೆ. ಚೋಕ್ ಎಳೆದರೂ ಹತ್ತಿಕೊಳ್ಳುವುದಿಲ್ಲ. ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರಿನ ಬಾಯಿಗೆ ಸಿರಿಂಜಿನಿಂದ ಸ್ವಲ್ಪ ಹೊಸ ಪೆಟ್ರೋಲ್ ಹನಿಸಿದರೆ ಮಾತ್ರ ಒಂದೆರಡು ಕ್ಷಣ ಗುಡುಗಿ ನಿಂತುಬಿಡುತ್ತದೆ. ಪಟ್ಟಣದ ಬಿಡಿಭಾಗಗಳ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಟ್ಯಾಂಕಿನ ಪೆಟ್ರೋಲಿಗೆ ಒಂದು ಬಾಟಲಿ ಅಡಿಟಿವ್ ಬೆರೆಸಿ ಎರಡು ದಿನ ಬಿಟ್ಟರೆ ಒಳಗಿನ ಕೊಳೆಯೆಲ್ಲ ತಾನಾಗಿ ಕರಗಿ ಎಂಜಿನ್ ಹೊಸದರಂತೆ ಓಡುತ್ತದೆ ಎಂದರು. ಬಾಟಲಿ ತಂದಿದ್ದೇನೆ, ಇನ್ನೂ ಹಾಕಿಲ್ಲ. ಔಟ್‌ಬೋರ್ಡ್ ಬಿಚ್ಚಿ ಅನುಭವವಿರುವ ಮೆಕ್ಯಾನಿಕ್ ನಮ್ಮ ಸುತ್ತಮುತ್ತ ಇಲ್ಲ. ಎಂಜಿನ್ನನ್ನು ಮತ್ತೆ ಕರಾವಳಿಗೆ ಹೊತ್ತೊಯ್ಯುವುದು ಖರ್ಚಿನ ಮಾತು. ಈ ಬಾಟಲಿಯಿಂದ ನಿಜಕ್ಕೂ ಎಷ್ಟು ಪ್ರಯೋಜನ, ಯಾವ ಹಂತದಲ್ಲಿ ಅದನ್ನು ಬಳಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಮಲ್ಪೆಯವನು (ಈಗ ತುಮಕೂರು)

ನೀವು ಬರೆದ ಲಕ್ಷಣದಲ್ಲಿಯೇ ಅರ್ಧ ಉತ್ತರ ಇದೆ. ಕಾರ್ಬುರೇಟರಿನ ಬಾಯಿಗೆ ನೇರವಾಗಿ ಪೆಟ್ರೋಲ್ ಹನಿಸಿದಾಗ ಎಂಜಿನ್ ಒಂದೆರಡು ಕ್ಷಣ ಹತ್ತಿಕೊಳ್ಳುತ್ತದೆ ಎಂದರೆ ಕಿಡಿ ಬರುತ್ತಿದೆ, ಕಂಪ್ರೆಷನ್ (ಸಿಲಿಂಡರಿನೊಳಗೆ ಪಿಸ್ಟನ್ ಉಂಟುಮಾಡುವ ಒತ್ತಡ) ಕೂಡ ಹತ್ತಿಕೊಳ್ಳುವಷ್ಟು ಉಳಿದಿದೆ. ತನ್ನ ದಾರಿಯಲ್ಲಿ ಬರಬೇಕಾದ ಪೆಟ್ರೋಲ್ ಮಾತ್ರ ಬರುತ್ತಿಲ್ಲ. ಅಂದರೆ ಪೆಟ್ರೋಲ್ ಟ್ಯಾಂಕಿನಿಂದ ಹೊರಟು ಪೈಪು, ಕೈಯಿಂದ ಒತ್ತುವ ಪ್ರೈಮರ್ ಬಲ್ಬು, ಫಿಲ್ಟರ್, ಫ್ಯುಯಲ್ ಪಂಪು, ಫ್ಲೋಟ್ ಬೌಲು (ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ತೊಟ್ಟಿ), ಜೆಟ್ಟು (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ತುಂಡು) ಇವುಗಳಲ್ಲಿ ಎಲ್ಲೋ ತಡೆಯಿದೆ. ಇಲ್ಲಿಯೇ ಅಡಿಟಿವ್‌ನ ಮಿತಿ ಎದುರಾಗುತ್ತದೆ. ಪೆಟ್ರೋಲಿನಲ್ಲಿ ಬೆರೆಸಿದ ದ್ರಾವಣ ಪೆಟ್ರೋಲ್ ಹರಿಯುವ ಕಡೆಗೆ ಮಾತ್ರ ಹೋಗಬಲ್ಲದು. ಪೂರ್ತಿ ಕಟ್ಟಿಕೊಂಡ ಜೆಟ್ಟಿನೊಳಗೆ ಪೆಟ್ರೋಲೇ ಇಳಿಯದಿರುವಾಗ ಬಾಟಲಿಯಲ್ಲಿರುವ ಔಷಧ ಎಷ್ಟೇ ಬಲವಾದದ್ದಾದರೂ ಅದರ ಬಾಗಿಲ ಹೊರಗೆ ನಿಲ್ಲುತ್ತದೆ.

ಜೆಟ್ಟು ಕಟ್ಟಿಕೊಳ್ಳುವುದು ಹೇಗೆಂದರೆ, ನಿಂತ ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳು ಮೊದಲು ಹಾರಿಹೋಗುತ್ತವೆ, ಉಳಿದದ್ದು ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಕೂಡಿಕೊಂಡು ಕಂದು ಬಣ್ಣದ ಅಂಟಾಗುತ್ತದೆ, ಆ ಅಂಟು ಒಣಗಿ ವಾರ್ನಿಷ್‌ನಂತಹ ಪದರವಾಗುತ್ತದೆ. ನಿಮ್ಮ ಎಂಜಿನ್ ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲ್ ಆರಿದ ಮೇಲೂ ಅದರಲ್ಲಿ ಬೆರೆಸಿದ್ದ ಆಯಿಲ್ ಬೌಲಿನಲ್ಲಿಯೇ ಉಳಿಯುತ್ತದೆ. ಐಡಲಿಂಗಿಗೆ, ಅಂದರೆ ಎಂಜಿನ್ ಭಾರವಿಲ್ಲದೆ ನಿಧಾನವಾಗಿ ಓಡುವುದಕ್ಕೆ, ಬೇಕಾದ ಪೈಲಟ್ ಜೆಟ್ಟಿನ ರಂಧ್ರ ಸುಮಾರು ಅರ್ಧ ಮಿಲಿಮೀಟರಿನಷ್ಟು ಮಾತ್ರ ಇರುತ್ತದೆ. ಅದನ್ನು ಮುಚ್ಚಲು ಹೆಚ್ಚು ಅಂಟು ಬೇಕಾಗಿಲ್ಲ.

ಇನ್ನು ಬಾಟಲಿಯ ವಿಷಯ. ಅಂಗಡಿಗಳಲ್ಲಿ ಅಡಿಟಿವ್ ಎಂಬ ಒಂದೇ ಹೆಸರಿನಡಿ ಸಿಗುವವುಗಳ ಕೆಲಸ ಒಂದೇ ಅಲ್ಲವಾದ್ದರಿಂದ, ಮೊದಲು ಲೇಬಲ್ ಓದಿ ಅದು ಯಾವ ಜಾತಿಗೆ ಸೇರಿದ್ದೆಂದು ತಿಳಿದುಕೊಳ್ಳಿ. ಸ್ಟೆಬಿಲೈಜರ್ ಎಂದು ಬರೆದಿದ್ದರೆ ಅದು ಹೊಸ ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ವಸ್ತು. ಈಗಾಗಲೇ ಕೆಟ್ಟ ಪೆಟ್ರೋಲನ್ನು ಅದು ಸರಿಪಡಿಸುವುದಿಲ್ಲ, ಕಟ್ಟಿದ ಅಂಟನ್ನೂ ಕರಗಿಸುವುದಿಲ್ಲ. ಪಾಲಿಈಥರಮೈನ್, ಅಂದರೆ ಪಿಇಎ ಇದ್ದರೆ ಅದು ಒಳ್ಳೆಯ ಡಿಟರ್ಜೆಂಟ್. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ದಹನಕೋಣೆಯ ಮಸಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತದೆ, ಆದರೆ ಓಡದ ಎಂಜಿನ್ನಿನಲ್ಲಿ ಅದಕ್ಕೆ ಕೆಲಸವೇ ಇಲ್ಲ. ನ್ಯಾಫ್ತಾ, ಐಸೋಪ್ರೊಪೈಲ್ ಆಲ್ಕೋಹಾಲ್, ತೆಳು ಎಣ್ಣೆ ಬೆರೆತವು ಮೂರನೆಯ ಬಗೆ. ಇವು ತೆಳುವಾದ ಅಂಟನ್ನು ಮೆದುಗೊಳಿಸಬಲ್ಲವು, ಗಟ್ಟಿಯಾದದ್ದನ್ನು ಅಲ್ಲ. ಆಕ್ಟೇನ್ ಬೂಸ್ಟರ್ ಆಗಿದ್ದರೆ ಹಿಂದಿರುಗಿಸಿ. ಕಡಿಮೆ ಕಂಪ್ರೆಷನ್‌ನ ನಿಮ್ಮ ಎಂಜಿನ್ನಿಗೆ ಅದರಿಂದ ಯಾವ ಉಪಯೋಗವೂ ಇಲ್ಲ.

ಹಳೆಯ ಪೆಟ್ರೋಲಿಗೆ ಏನನ್ನೂ ಬೆರೆಸದೆ ಪೂರ್ತಿ ತೆಗೆದುಬಿಡಿ, ಟ್ಯಾಂಕನ್ನು ಹೊಸ ಪೆಟ್ರೋಲಿನಿಂದ ಕುಲುಕಿ ತೊಳೆಯಿರಿ. ತೆಗೆದದ್ದನ್ನು ಏರಿಯ ಮೇಲೆ ಅಥವಾ ಕಾಲುವೆಗೆ ಚೆಲ್ಲಬೇಡಿ, ದನಕರುಗಳು ಕುಡಿಯುವ ನೀರು ಅದು. ಮುಚ್ಚಳವಿರುವ ಲೋಹದ ಡಬ್ಬದಲ್ಲಿಟ್ಟು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಆಮೇಲೆ ಕಾರ್ಬುರೇಟರ್ ಬಿಚ್ಚಿ. ಕರಾವಳಿಯ ನಾಡದೋಣಿಗಳವರು ಇದನ್ನು ದಡದಲ್ಲಿ ಕೂತೇ ಮಾಡುತ್ತಾರೆ, ನಿಮ್ಮಿಂದಲೂ ಆಗುತ್ತದೆ. ಬೌಲ್ ಕಳಚಿ, ಫ್ಲೋಟ್ ಮತ್ತು ನೀಡಲ್ ವಾಲ್ವ್ ತೆಗೆದಿಟ್ಟು, ಎರಡೂ ಜೆಟ್ಟುಗಳನ್ನು ಅವುಗಳ ಅಗಲಕ್ಕೆ ಸರಿಹೊಂದುವ ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊರತೆಗೆಯಿರಿ. ಹಿತ್ತಾಳೆ ಬಹಳ ಮೆದು, ಸಣ್ಣ ಸ್ಕ್ರೂಡ್ರೈವರ್ ಹಾಕಿದರೆ ಗೀರು ಕಿತ್ತುಹೋಗುತ್ತದೆ. ರಬ್ಬರ್ ಭಾಗಗಳೆಲ್ಲವನ್ನೂ ಪಕ್ಕಕ್ಕಿಟ್ಟ ಮೇಲೆ ಉಳಿದ ಲೋಹವನ್ನು ಕಾರ್ಬುರೇಟರ್ ಕ್ಲೀನರಿನಲ್ಲಿ ಒಂದು ರಾತ್ರಿ ನೆನೆಸಿ. ಅಂಗಡಿಯವರು ಹೇಳಿದ ನೆನೆಸುವ ಕೆಲಸ ಸರಿಯಾದದ್ದೇ, ಆದರೆ ಅದು ನಡೆಯಬೇಕಾದ ಜಾಗ ಬಟ್ಟಲೇ ಹೊರತು ಟ್ಯಾಂಕಲ್ಲ. ಬಳಿಕ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ರಂಧ್ರ ಉರುಟಾಗಿ, ಅಂಚು ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ವೈರಿನೊಳಗಿನ ತಾಮ್ರದ ಒಂದೇ ಎಳೆಯನ್ನು ತೂರಿಸಿ. ಸೂಜಿಯನ್ನಾಗಲಿ ಉಕ್ಕಿನ ತಂತಿಯನ್ನಾಗಲಿ ಹಾಕಬಾರದು. ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಪೆಟ್ರೋಲಿನ ಅಳತೆ ಶಾಶ್ವತವಾಗಿ ತಪ್ಪುತ್ತದೆ.

ಗ್ಯಾರೇಜ್ ಅಂತರಸನಹಳ್ಳಿ (ತುಮಕೂರು)

ಮಲ್ಪೆಯವರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ನನ್ನ ಕೈಗೆ ಬಂದವೆಲ್ಲ ಹಳೆಯ ಟೂ ಸ್ಟ್ರೋಕ್ ಸ್ಕೂಟರು, ಬೈಕುಗಳು. ಔಟ್‌ಬೋರ್ಡ್ ಕೆಲಸ ಮಾಡಿದವನಲ್ಲ. ಆದರೆ ಪಿಸ್ಟನ್, ರಿಂಗು, ಪೋರ್ಟುಗಳ ಮಟ್ಟಿಗೆ ಎರಡರ ಸ್ವಭಾವವೂ ಒಂದೇ. ಆ ಅನುಭವದಿಂದ ಹೇಳುವುದಾದರೆ, ದ್ರಾವಣಗಳ ಬಗ್ಗೆ ಅವರು ತೋರಿಸಿದ್ದಕ್ಕಿಂತ ಸ್ವಲ್ಪ ಹೆಚ್ಚಿನ ನಂಬಿಕೆ ನನಗಿದೆ. ಬಹಳ ಕಾಲ ನಿಂತ ಟೂ ಸ್ಟ್ರೋಕಿನಲ್ಲಿ ರಿಂಗುಗಳು ಮಸಿ ಮತ್ತು ಒಣಗಿದ ಆಯಿಲಿನಿಂದ ಪಿಸ್ಟನ್ನಿನ ಸುತ್ತಲಿನ ತಮ್ಮ ತೋಡಿನಲ್ಲಿಯೇ ಅಂಟಿಕೊಂಡಿರುತ್ತವೆ. ಪ್ಲಗ್ಗಿನ ರಂಧ್ರದಿಂದ ಇಂತಹ ದ್ರಾವಣವನ್ನೋ, ಅದಿಲ್ಲದಿದ್ದರೆ ಡೀಸೆಲ್ಲಿಗೆ ಸ್ವಲ್ಪ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಪೆಟ್ರೋಲಿಗೆ ಬೆರೆಸುವ ಆಯಿಲ್) ಬೆರೆಸಿಯೋ ಒಂದೊಂದು ಸಿಲಿಂಡರಿಗೂ ಒಂದೆರಡು ಚಮಚ ಹಾಕಿ, ರಾತ್ರಿಯಿಡೀ ಬಿಟ್ಟು, ಮರುದಿನ ಪ್ಲಗ್ ಹಾಕದೆಯೇ ಫ್ಲೈವೀಲನ್ನು ಕೈಯಿಂದ ಅದರ ಸಹಜ ದಿಕ್ಕಿಗೆ ತಿರುಗಿಸಿದಾಗ ರಿಂಗು ಬಿಟ್ಟುಕೊಂಡು ಕಂಪ್ರೆಷನ್ ಏರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದಕ್ಕೆ ಹೆಡ್ ಬಿಚ್ಚುವ ಅಗತ್ಯವಿಲ್ಲ.

ಆದ್ದರಿಂದ ಕಾರ್ಬುರೇಟರಿಗೆ ಕೈ ಹಾಕುವ ಮೊದಲೇ ಎರಡೂ ಸಿಲಿಂಡರುಗಳ ಕಂಪ್ರೆಷನ್ ಅಳೆಯಿರಿ ಎಂಬುದು ನನ್ನ ಸಲಹೆ. ಗೇಜನ್ನು ಪಟ್ಟಣದ ಯಾವುದಾದರೂ ಗ್ಯಾರೇಜಿನಿಂದ ಕೇಳಿ ತರಬಹುದು. ಥ್ರಾಟಲ್ ಪೂರ್ತಿ ತೆರೆದಿಟ್ಟು, ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಬೇಕು. ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ಎರಡು ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಶೇಕಡಾ 10ರಿಂದ 15ರೊಳಗೆ ಇದ್ದರೆ ಮುಂದುವರಿಯಿರಿ. ಒಂದರಲ್ಲಿ 110 ಪಿ.ಎಸ್.ಐ., ಇನ್ನೊಂದರಲ್ಲಿ 70 ಬಂದರೆ ನೆನೆಸಿಟ್ಟು ಮತ್ತೆ ಅಳೆಯಿರಿ. ಆಗಲೂ ಏರದಿದ್ದರೆ ರಿಂಗು ಸವೆದಿದೆ, ಅಥವಾ ಸಿಲಿಂಡರ್ ಗೀರಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರ್ಥ. ಸವೆದ ಲೋಹವನ್ನು ಮರಳಿ ತರುವ ಬಾಟಲಿ ಎಲ್ಲಿಯೂ ಸಿಗುವುದಿಲ್ಲ, ಅಂತಹ ಎಂಜಿನ್ನಿಗೆ ಅಡಿಟಿವ್ ಕೊಳ್ಳುವ ಹಣವನ್ನು ರಿಂಗ್ ಸೆಟ್ಟಿಗೆ ಹಾಕುವುದು ಮೇಲು.

ಮಸಿ ಬಿಡಿಸುವ ಸ್ಪ್ರೇಯನ್ನು ಓಡುವ ಎಂಜಿನ್ನಿನ ಕಾರ್ಬುರೇಟರಿಗೆ ಹೊಡೆಯುವ ಪದ್ಧತಿಯೂ ಇದೆ. ಅದರಿಂದ ದಟ್ಟವಾದ ಬಿಳಿ ಹೊಗೆ ಏಳುತ್ತದೆ, ಕೆಲಸ ಮುಗಿದ ಮೇಲೆ ಪ್ಲಗ್ ಬದಲಿಸಬೇಕಾಗುತ್ತದೆ. ಬಯಲಿನಲ್ಲಿ ಮಾಡಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾಡಿದರೆ ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಅಪಾಯ.

ಕೆರೆ ಏರಿ (ಶಿರಾ)

ನಮ್ಮ ಕಡೆ ಹಳಬರು ಪೆಟ್ರೋಲ್ ಟ್ಯಾಂಕಿಗೆ ಒಂದೆರಡು ನುಸಿಗುಳಿಗೆ ಹಾಕುತ್ತಿದ್ದರು, ಅದರಿಂದ ಎಳೆತ ಹೆಚ್ಚುತ್ತದೆ ಎಂದು ನಂಬಿದ್ದರು. ಬೆಲೆಯ ಬಾಟಲಿಗಿಂತ ಅದೇ ಅಗ್ಗವಲ್ಲವೇ? ಇನ್ನು ಕೆಲವರು ಥಿನ್ನರ್ ಬೆರೆಸುತ್ತಾರೆ. ಇವುಗಳನ್ನು ಪ್ರಯತ್ನಿಸಬಹುದೇ ಎಂಬುದನ್ನೂ ತಿಳಿದವರು ಹೇಳಲಿ.

ಮಲ್ಪೆಯವನು (ಈಗ ತುಮಕೂರು)

ಎರಡೂ ಬೇಡ. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ಪೆಟ್ರೋಲಿನಲ್ಲಿ ಕರಗುವುದು ನಿಜವಾದರೂ, ಬೌಲಿನಲ್ಲಿ ಪೆಟ್ರೋಲ್ ಆವಿಯಾದಾಗ ಅದು ಮತ್ತೆ ಹರಳುಗಟ್ಟಿ ಜೆಟ್ಟಿನಲ್ಲಿ ಕೂರುತ್ತದೆ. ವರ್ಷಕ್ಕೆ ಕೆಲವೇ ದಿನ ಓಡುವ ದೋಣಿಯ ಎಂಜಿನ್ನಿಗೆ ಇದಕ್ಕಿಂತ ಕೆಟ್ಟದ್ದು ಬೇರೆ ಬೇಕಿಲ್ಲ. ಈಗಿನ ದಿನಗಳಲ್ಲಿ ಅಂತಹ ಗುಳಿಗೆಗಳೆಲ್ಲ ನ್ಯಾಫ್ತಲೀನಿನವೂ ಅಲ್ಲ. ಕ್ಲೋರಿನ್ ಇರುವ ಬೇರೆ ರಾಸಾಯನಿಕದವೂ ಮಾರುಕಟ್ಟೆಯಲ್ಲಿವೆ, ಅದು ಉರಿದಾಗ ಆಮ್ಲ ಉಂಟಾಗಿ ಲೋಹವನ್ನು ತಿನ್ನುತ್ತದೆ. ಥಿನ್ನರ್ ಹಳೆಯ ಪೈಪು ಮತ್ತು ಪಂಪಿನ ಡಯಾಫ್ರಮ್ಮನ್ನು ಉಬ್ಬಿಸಿ ಹಾಳುಮಾಡುತ್ತದೆ. ಗ್ಯಾರೇಜಿನವರು ಕಂಪ್ರೆಷನ್ ಬಗ್ಗೆ ಹೇಳಿದ್ದನ್ನು ಮಾತ್ರ ಎಲ್ಲಕ್ಕಿಂತ ಮೊದಲು ಮಾಡಿ. ನಾನೇ ಅದನ್ನು ಮೊದಲು ಹೇಳಬೇಕಿತ್ತು.

ಇನ್ನೊಂದು ಮಾತು. ನಿಮ್ಮ ಎಂಜಿನ್ ಮಲ್ಪೆಯಿಂದ ಬಂದದ್ದು, ಅಂದರೆ ಉಪ್ಪುನೀರು ಕುಡಿದದ್ದು. ಅದರ ತಂಪಿನ ನೀರು ಹರಿಯುವ ದಾರಿಗಳಲ್ಲಿ ಉಪ್ಪು ಗಟ್ಟಿಯಾಗಿ ಕೂತಿರುವ ಸಾಧ್ಯತೆ ಹೆಚ್ಚು. ನೀರೆತ್ತುವ ಇಂಪೆಲ್ಲರ್ ರಬ್ಬರಿನದು; ಅದರ ರೆಕ್ಕೆಗಳು ಇಷ್ಟು ವರ್ಷ ಒಂದೇ ಭಂಗಿಯಲ್ಲಿ ಮಡಚಿಕೊಂಡು ಹಾಗೆಯೇ ಬಿರುಸಾಗಿರುತ್ತವೆ. ಅದನ್ನು ನೋಡಲು ಹೋಗದೆ ಬದಲಿಸಿಬಿಡಿ, ಬೆಲೆ ದೊಡ್ಡದಲ್ಲ. ಆಮೇಲೆ ದೊಡ್ಡ ಡ್ರಮ್ಮಿಗೆ ನೀರು ತುಂಬಿ, ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ತಟ್ಟೆ ಮುಳುಗುವಷ್ಟು ಎಂಜಿನ್ನನ್ನು ಇಳಿಸಿ ಚಾಲೂ ಮಾಡಿ. ನೀರಿಲ್ಲದೆ ಒಮ್ಮೆ ಚಾಲೂ ಮಾಡಿ ನೋಡೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಕೆಲವೇ ಕ್ಷಣಗಳಲ್ಲಿ ಹೊಸ ಇಂಪೆಲ್ಲರ್ ಉರಿದುಹೋಗುತ್ತದೆ. ಹಿಂಬದಿಯ ಸಣ್ಣ ರಂಧ್ರದಿಂದ ನೀರು ಒಂದೇ ಸಮನೆ ಚಿಮ್ಮುತ್ತಿರಬೇಕು. ನೀರು ಬರದಿದ್ದರೆ, ಅಥವಾ ಕುದಿಯುವಷ್ಟು ಬಿಸಿಯಾಗಿ ತೊಟ್ಟಿಕ್ಕುತ್ತಿದ್ದರೆ ತಕ್ಷಣ ನಿಲ್ಲಿಸಿ, ಥರ್ಮೋಸ್ಟಾಟ್ ತೆಗೆದು ದಾರಿಗಳನ್ನು ತೊಳೆಯಬೇಕು. ಪೆಟ್ರೋಲಿಗೆ ಹಾಕುವ ಯಾವ ವಸ್ತುವೂ ಈ ದಾರಿಗಳಿಗೆ ತಲುಪುವುದಿಲ್ಲ.

ಶಿಂಷಾತೀರ (ಕುಣಿಗಲ್)

ಇಷ್ಟು ವಿವರವಾಗಿ ಬರೆದ ಹಿರಿಯರಿಗೆಲ್ಲ ಕೃತಜ್ಞತೆಗಳು. ಬಾಟಲಿಯನ್ನು ಪಕ್ಕಕ್ಕಿಟ್ಟು ನೀವು ಹೇಳಿದ ಕ್ರಮದಲ್ಲಿಯೇ ಹೋದೆವು. ಕಂಪ್ರೆಷನ್ ಎರಡರಲ್ಲಿಯೂ ಹೆಚ್ಚುಕಡಿಮೆ ಸಮನಾಗಿ ಬಂದಿತು. ಕಾರ್ಬುರೇಟರಿನ ಬೌಲ್ ತೆರೆದಾಗ ತಳದಲ್ಲಿ ಜೋನಿಬೆಲ್ಲದ ಹಾಗೆ ಕಪ್ಪಗಿನ ಮಂದವಾದ ಅಂಟು, ಅದರ ಅಂಚಿನಲ್ಲಿ ಬಿಳಿಯ ಪುಡಿ ಇತ್ತು. ದೊಡ್ಡ ಜೆಟ್ಟಿನಲ್ಲಿ ಬೆಳಕು ಕಂಡಿತು, ಪೈಲಟ್ ಜೆಟ್ಟಿನಲ್ಲಿ ಏನೂ ಕಾಣಲಿಲ್ಲ. ನೆನೆಸಿಟ್ಟು ತಾಮ್ರದ ಎಳೆ ತೂರಿಸಿದ ಮೇಲೆ ಅದೂ ತೆರೆದುಕೊಂಡಿತು. ಪ್ರೈಮರ್ ಬಲ್ಬು ಒತ್ತಿದರೆ ಬಿರುಕುಗಳಿಂದ ಪೆಟ್ರೋಲ್ ಒಸರುತ್ತಿತ್ತು. ಪೈಪು, ಬಲ್ಬು, ಪಂಪಿನ ಡಯಾಫ್ರಮ್ಮು, ಇಂಪೆಲ್ಲರ್ ಇಷ್ಟನ್ನೂ ಹೊಸದಾಗಿ ತರಿಸಿ ಹಾಕಿದೆವು. ಈಗ ಡ್ರಮ್ಮಿನಲ್ಲಿ ಎಂಜಿನ್ ಓಡುತ್ತಿದೆ, ನೀರೂ ಚೆನ್ನಾಗಿ ಚಿಮ್ಮುತ್ತಿದೆ. ಐಡಲಿಂಗಿನಲ್ಲಿ ಮಾತ್ರ ಸ್ವಲ್ಪ ಏರುಪೇರಿದೆ.

ಈಗ ಎರಡು ಸಂದೇಹಗಳು ಉಳಿದಿವೆ. ಬಂಕಿನಲ್ಲಿ ಸಿಗುವುದೆಲ್ಲ ಇ20, ಅಂದರೆ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಈ ಹಳೆಯ ಎಂಜಿನ್ನಿಗೆ ಅದು ಆಗುತ್ತದೆಯೇ, ಅದಕ್ಕೆ ನೀರು ತೆಗೆಯುವ ಅಡಿಟಿವ್ ಬೇಕೇ? ಹಾಗೆಯೇ, ಸ್ಕೂಟರಿಗೆ ಹಾಕುವ ಟೂಟಿ ಆಯಿಲನ್ನೇ ಬೆರೆಸಬಹುದೇ? ಉಳಿದ ಬಾಟಲಿಯನ್ನು ಪರೀಕ್ಷಿಸಿದೆ, ಅದರ ಮೇಲೆ ಪಿಇಎ ಎಂದು ಬರೆದಿದೆ.

ಮಲ್ಪೆಯವನು (ಈಗ ತುಮಕೂರು)

ಓದಿ ಬಹಳ ಸಂತೋಷವಾಯಿತು. ನೀವು ಕಂಡ ಬಿಳಿಯ ಪುಡಿ ಅಲ್ಯೂಮಿನಿಯಮ್ಮಿನ ತುಕ್ಕು, ಬೌಲಿನ ತಳದಲ್ಲಿ ನೀರು ನಿಂತಿತ್ತು ಎಂಬುದಕ್ಕೆ ಗುರುತು. ನಿಮ್ಮ ಮೊದಲ ಸಂದೇಹಕ್ಕೂ ಇದಕ್ಕೂ ಸಂಬಂಧವಿದೆ.

ಇ20 ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ದೊರೆತದ್ದು ನಿಮಗೆ ನೆನಪಿರಬಹುದು. ನಿಮ್ಮ ಎಂಜಿನ್ ತಯಾರಾದದ್ದು ಅದಕ್ಕಿಂತ ಎಷ್ಟೋ ಮೊದಲು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ರಬ್ಬರನ್ನು ನೀವು ಬದಲಿಸಿರುವುದರಿಂದ ಮೊದಲನೆಯ ತೊಂದರೆ ಬಹುಪಾಲು ಕಳೆಯಿತು. ಎರಡನೆಯದು ಹೆಚ್ಚು ಗಂಭೀರವಾದದ್ದು. ನೀರಿನ ಪ್ರಮಾಣ ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಎಂಜಿನ್ ಹೀರಿಕೊಳ್ಳುವುದು ಆ ತಳದಿಂದಲೇ. ಆಯಿಲ್ ಮೇಲಿನ ಪೆಟ್ರೋಲಿನಲ್ಲಿ ಉಳಿದುಬಿಡುವುದರಿಂದ ಟೂ ಸ್ಟ್ರೋಕ್ ಎಂಜಿನ್ ಆಗ ಆಯಿಲೇ ಇಲ್ಲದೆ ಓಡಿ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹೀಗೆ ಬೇರ್ಪಟ್ಟದ್ದನ್ನು ಅಡಿಟಿವ್‌ನಿಂದ ಮತ್ತೆ ಒಂದಾಗಿಸಲು ಹೋಗಬೇಡಿ, ಮೊದಲಿನ ಹಳೆಯ ಪೆಟ್ರೋಲಿನಂತೆಯೇ ತೆಗೆದು ಗ್ಯಾರೇಜಿಗೆ ಕೊಡಬೇಕಾದದ್ದೇ. ನೀರು ತೆಗೆಯುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಇನ್ನೊಂದು ಬಗೆಯ ಆಲ್ಕೋಹಾಲ್. ಲೀಟರಿಗೆ 200 ಮಿಲಿ ಎಥನಾಲ್ ಆಗಲೇ ಇರುವ ಪೆಟ್ರೋಲಿಗೆ ಇನ್ನಷ್ಟು ಆಲ್ಕೋಹಾಲ್ ಸೇರಿಸುವುದರಲ್ಲಿ ಅರ್ಥವಿಲ್ಲ. ಅದರ ಬದಲು ಪೈಪಿನಲ್ಲಿ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿ, ಆಯಾ ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಎಥನಾಲಿನಿಂದಾಗಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚಾಗುತ್ತದೆ ಎಂಬುದನ್ನೂ ಗಮನದಲ್ಲಿಡಿ. ಐಡಲಿಂಗಿನ ಏರುಪೇರಿಗೆ ಅದೇ ಕಾರಣವಿದ್ದೀತು, ಗಾಳಿಯ ಸ್ಕ್ರೂವನ್ನು ಕಾಲು ಸುತ್ತಿನಷ್ಟು ಹೊಂದಿಸಿ ನೋಡಿ.

ಸ್ಕೂಟರಿನ ಟೂಟಿ ಆಯಿಲ್ ಬೇಡ. ಅದು ಗಾಳಿಯಿಂದ ತಂಪಾಗುವ, ಹೆಚ್ಚು ಬಿಸಿಯಲ್ಲಿ ಓಡುವ ಎಂಜಿನ್ನಿಗೆ ಮಾಡಿದ್ದು. ನೀರಿನಿಂದ ತಂಪಾಗುವ ಔಟ್‌ಬೋರ್ಡಿಗೆ ಟಿಸಿ-ಡಬ್ಲ್ಯು3 ಎಂಬ ಗುರುತಿರುವ ಆಯಿಲ್ ಬೇಕು, ಅದರಲ್ಲಿ ಬೂದಿ ಉಳಿಸುವ ಲೋಹದ ಅಂಶ ಇರುವುದಿಲ್ಲ. ಪ್ರಮಾಣ ಎಂಜಿನ್ನಿನ ಲೇಬಲ್ಲಿನಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿಲಿ. ಇಷ್ಟು ವರ್ಷ ಒಣಗಿದ್ದ ಬೇರಿಂಗುಗಳಿಗಾಗಿ ಮೊದಲ ಟ್ಯಾಂಕಿಗೆ ಮಾತ್ರ ಲೀಟರಿಗೆ 40 ಮಿಲಿಯಂತೆ ಹಾಕಿ, ಹೊಗೆ ಹೆಚ್ಚಾದರೂ ಚಿಂತೆಯಿಲ್ಲ. ನಿಮ್ಮ ಪಿಇಎ ಬಾಟಲಿಗೆ ಈಗ ಕೆಲಸ ಬಂದಿದೆ. ಎರಡನೆಯ ಟ್ಯಾಂಕಿನಿಂದ ಲೇಬಲ್ಲಿನ ಪ್ರಮಾಣ ಮೀರದಂತೆ ಬೆರೆಸಿ, ದೋಣಿಯನ್ನು ನಿಜವಾದ ಭಾರದೊಡನೆ ಓಡಿಸಿ. ಕಾರ್ಬುರೇಟರಿನ ಒಳಮೂಲೆಗಳಲ್ಲಿ ಉಳಿದ ತೆಳುಪದರ ಮತ್ತು ಪಿಸ್ಟನ್ ತಲೆಯ ಮಸಿ ಕ್ರಮೇಣ ಕಡಿಮೆಯಾಗುತ್ತದೆ.

ಗ್ಯಾರೇಜ್ ಅಂತರಸನಹಳ್ಳಿ (ತುಮಕೂರು)

ಎಂಜಿನ್ನನ್ನು ಮತ್ತೆ ಕೆಲವು ತಿಂಗಳು ನಿಲ್ಲಿಸುವ ಸಂದರ್ಭ ಬಂದರೆ ಸ್ಟೆಬಿಲೈಜರ್ ಬಳಸುವ ಸಮಯ ಅದು. ಹೊಸ ಪೆಟ್ರೋಲಿಗೆ ಅದನ್ನು ಬೆರೆಸಿ, ಹತ್ತು ನಿಮಿಷ ಓಡಿಸಿ ಕಾರ್ಬುರೇಟರಿನವರೆಗೂ ತಲುಪಿಸಿ, ಬಳಿಕ ಪೈಪ್ ಕಳಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ. ಬೌಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಉಳಿದದ್ದನ್ನೂ ಬಟ್ಟಲಿಗೆ ಇಳಿಸಿಕೊಳ್ಳಿ.

ಮಲ್ಪೆಯವನು (ಈಗ ತುಮಕೂರು)

ಒಂದು ವಿಷಯ ಸೇರಿಸುತ್ತೇನೆ. ನೀರಿಗೆ ಇಳಿಸುವ ಮೊದಲು ಕೆಳಗಿನ ಗೇರ್ ಆಯಿಲ್ ತೆಗೆದು ನೋಡಿ. ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಮೂಲಕ ನೀರು ಒಳಗೆ ಹೋಗಿದೆ. ಪ್ರೊಪೆಲ್ಲರ್ ಕಳಚಿ ಶಾಫ್ಟಿನ ಸುತ್ತ ನೈಲಾನ್ ಬಲೆಯ ದಾರ ಸುತ್ತಿಕೊಂಡಿದೆಯೇ ಎಂದೂ ಪರೀಕ್ಷಿಸಿ. ಬಲೆ ಬಿಡುವ ನೀರಿನಲ್ಲಿ ಓಡುವ ಎಂಜಿನ್ನುಗಳ ಸೀಲ್ ಕೊಯ್ಯುವುದು ಹೆಚ್ಚಾಗಿ ಆ ದಾರವೇ. ಅಂತರಗಂಗೆ ಬೆಳೆದ ಕಡೆ ಹೋದಾಗ ನೀರು ಹೀರುವ ಜಾಲರಿಯನ್ನು ಆಗಾಗ ಕೈಯಿಂದ ಸವರಿ ಬಿಡಿಸಿಕೊಳ್ಳಿ. ಮೊದಲ ಕೆಲವು ಸಲ ದಡದ ಹತ್ತಿರವೇ ಓಡಿಸಿ, ಹುಟ್ಟು ಮತ್ತು ಲೈಫ್ ಜಾಕೆಟ್ ದೋಣಿಯಲ್ಲಿರಲಿ.